ಇಬ್ಬರೇ ತಿರುಗಿಸುತ್ತಿದ್ದ ವೈಪಿ ಇಂಜಿನ್

ಮೀಟರ್ ಗೇಜ್ ರೈಲಿನ ಇಂಜಿನ್ ಶೆಡ್ ಒಂದರಲ್ಲಿ ಫೈರ್‌ಮನ್ ಆಗಿದ್ದೆ, ಅಂದರೆ ಇಂಜಿನ್ನಿನ ಒಲೆಗೆ ಕಲ್ಲಿದ್ದಲು ಹಾಕುವವನು. ವಾಪಸ್ ಹೊರಡುವ ಮುನ್ನ ವೈಪಿ ಅನ್ನುವ ಹಬೆ ಇಂಜಿನ್ನಿನ ಮುಖವನ್ನು ನಾವಿಬ್ಬರೇ ಕೈಯಲ್ಲಿ ತಳ್ಳಿ ತಿರುಗಿಸುತ್ತಿದ್ದೆವು. ವೈಪಿ ಇಂಜಿನ್ ಸುಮಾರು 19 ಮೀಟರ್ ಉದ್ದ. ಹಿಂದಿನ ಕಲ್ಲಿದ್ದಲು-ನೀರಿನ ಗಾಡಿ, ಅಂದರೆ ಟೆಂಡರ್, ತುಂಬಿದ್ದರೆ 95 ಟನ್‌ಗೂ ಜಾಸ್ತಿ ಭಾರ. 1829ರ 'ರಾಕೆಟ್' ಅನ್ನುವ ಹಳೇ ರೈಲು ಇಂಜಿನ್ ಬರೀ ನಾಲ್ಕೂಕಾಲು ಟನ್ ಇತ್ತಂತೆ, ಅದನ್ನು ತಿರುಗಿಸಿದವರು ಪುಣ್ಯವಂತರು!

ತಿರುಗಿಸದೆ ಹೊರಟರೆ ಟೆಂಡರ್ ಮುಂದಾಗುತ್ತದೆ. ಕಲ್ಲಿದ್ದಲ ಪುಡಿ ನೇರ ಕಣ್ಣಿಗೆ. ದಾರಿಯೂ ಸರಿಯಾಗಿ ಕಾಣದು, ನಿಧಾನವಾಗಿಯೇ ಹೋಗಬೇಕು.

ಟರ್ನ್‌ಟೇಬಲ್ ಅಂದರೆ ದುಂಡನೆಯ ಗುಂಡಿಯ ಮೇಲೆ ಹಾಕಿದ ಕಬ್ಬಿಣದ ಸೇತುವೆ. ನಡುವೆ ಅದು ತಿರುಗುವ ಗೂಟ, ಪಿವಟ್. ಭಾರವೆಲ್ಲ ಅದರ ಮೇಲೆ ಕೂರಬೇಕು. ತುದಿಯ ಚಕ್ರಗಳು ಗುಂಡಿಯೊಳಗಿನ ರೈಲನ್ನು ಮುಟ್ಟಿಯೂ ಮುಟ್ಟದ ಹಾಗಿರಬೇಕು. ಇಂಜಿನ್ ಹತ್ತಿದಾಗ ಸೇತುವೆಯ ಈ ತುದಿ 'ಧಡ್' ಅಂತ ಕೂರುತ್ತದೆ. ಮುಂದೆ ಸರಿದಂತೆ ಒಂದು ಗಳಿಗೆಯಲ್ಲಿ ಈ ತುದಿ ಮೆಲ್ಲಗೆ ಏಳುತ್ತದೆ. ನಾನು ಕೆಳಗೆ ಬಗ್ಗಿ, ಚಕ್ರದಡಿಯ ಸಂದಿ ನೋಡುತ್ತಾ, 'ಅಲ್ಲೇ, ಅಲ್ಲೇ ಸಾರ್' ಅಂತ ಕೂಗುತ್ತಿದ್ದೆ. ಅರ್ಧ ಅಡಿ ಆಚೀಚೆಯಾದರೂ ಇಬ್ಬರಲ್ಲ, ಆರು ಜನ ಬಂದರೂ ಕಷ್ಟ.

ಇದರಲ್ಲಿ ನೀರಿನದೂ ಒಂದು ತಕರಾರು. ದೂರದಿಂದ ಬಂದ ಇಂಜಿನ್ನಿನ ಟೆಂಡರ್ ಅರ್ಧ ಖಾಲಿ ಇರುತ್ತದೆ, ಬಾಯ್ಲರ್ ಕಡೆ ಜಗ್ಗುತ್ತದೆ. ಆಗ ಇಂಜಿನ್ನನ್ನು ಟೆಂಡರ್ ಕಡೆಗೆ ಸ್ವಲ್ಪ ಹಿಂದೆ ಸರಿಸಬೇಕು. ಮೊದಲ ತಿಂಗಳೆಲ್ಲ ನಾನು ಪ್ರತಿಸಲವೂ ಉಲ್ಟಾ ಹೇಳುತ್ತಿದ್ದೆ.

ನಿಂತ ಮೇಲೆ ಟೆಂಡರ್‌ನ ಹ್ಯಾಂಡ್ ಬ್ರೇಕ್ ಬಿಗಿ ಮಾಡಿ, ಸಿಲಿಂಡರ್ ಕಾಕ್ (ಸಿಲಿಂಡರಿನ ಹಬೆ ಹೊರಬಿಡುವ ನಲ್ಲಿ) ತೆರೆದಿಡಬೇಕು. ಇಲ್ಲದಿದ್ದರೆ ಸೋರುವ ಹಬೆಗೇ ಇಂಜಿನ್ ತೆವಳುತ್ತದೆ. ಆಮೇಲೆ ಸೇತುವೆಯನ್ನು ಹಳಿಗೆ ಹಿಡಿದಿಡುವ ತುದಿಯ ಬೋಲ್ಟ್ ತೆಗೆದು, ಉದ್ದನೆಯ ಕೋಲಿಗೆ ಭುಜ ಕೊಟ್ಟು ತಳ್ಳುವುದು. ಮೊದಲ ಎರಡು ಹೆಜ್ಜೆಗೇ ಬೆನ್ನು ಮುರಿದ ಹಾಗೆ. ಒಮ್ಮೆ ಉರುಳಿತೋ, ಮಗುವಿನ ತೊಟ್ಟಿಲು ತೂಗಿದಷ್ಟು ಸಲೀಸು.

ನಿಲ್ಲಿಸುವುದೇ ಪೇಚು. ಒಂದು ರಾತ್ರಿ ಮಳೆ, ಕೈಲಿ ಲಾಂದ್ರ. ಎದುರಿನ ಹಳಿ ಕಾಣುವವರೆಗೂ ಸುಮ್ನೆ ತಳ್ಳುತ್ತಲೇ ಇದ್ದೆ. ಜೊತೆಯ ಖಲಾಸಿ 'ಸಾಕು ಬಿಡಣ್ಣಾ' ಅನ್ನುವಷ್ಟರಲ್ಲಿ ಹಳಿ ದಾಟಿ ಒಂದು ಗಜ ಹೋಗಿಯಾಗಿತ್ತು. ಹಿಂದಕ್ಕೆ ತಳ್ಳಿದರೆ ಮತ್ತೆ ಈ ಕಡೆ ದಾಟಿತು. ಮೂರನೇ ಸಲಕ್ಕೆ ಬೋಲ್ಟ್ ಬಿತ್ತು. ಡ್ರೈವರ್ ಕ್ಯಾಬ್‌ನಿಂದ ಇಣುಕಿ ಕೇಳಿದರು: 'ಏನಪ್ಪಾ, ಪ್ರದಕ್ಷಿಣೆ ಮುಗೀತಾ?'