ವಾಚಿನ ಸ್ಟೀಲ್ ಚೈನಿನ ಸ್ಕ್ರೂ ಸಡಿಲವಾದರೆ ಏನು ಮಾಡಬೇಕು?

ಚೈನಿನ ಸ್ಕ್ರೂ ಒಂದೇ ಸಲಕ್ಕೆ ಕಳಚಿ ಬೀಳುವುದಿಲ್ಲ. ಮೊದಲು ಕೂದಲೆಳೆಯಷ್ಟು ಆಚೆ ಬರುತ್ತದೆ, ಅಂಗಿಯ ತೋಳಿಗೆ ತಾಗಿ ದಾರ ಎಳೆಯುತ್ತದೆ. ಆಗ ಗಮನಿಸದೆ ಬಿಟ್ಟರೆ, ಬಸ್ಸಿನ ಕಂಬಿ ಹಿಡಿದು ನಿಂತಾಗಲೋ ಬೈಕ್ ಓಡಿಸುವಾಗಲೋ ಚೈನು ಬಿಚ್ಚಿಕೊಂಡು ವಾಚು ಜಾರುತ್ತದೆ. ತುಮಕೂರಿನಿಂದ ಬೆಂಗಳೂರಿಗೆ ದಿನಾ ಹೆಚ್ಚುಕಡಿಮೆ 70 ಕಿ.ಮೀ. ಹೋಗಿ ಬರುವವರು ಇದನ್ನು ತಡಮಾಡದೆ ನೋಡಿಕೊಳ್ಳಬೇಕು. ಬೈಕಿನ ಅದುರಾಟ ಸಡಿಲ ಸ್ಕ್ರೂವನ್ನು ಇನ್ನಷ್ಟು ಬೇಗ ಬಿಚ್ಚುತ್ತದೆ.

ಇದು ಜಾಸ್ತಿ ಆಗುವುದು ಚೈನು ಸಣ್ಣ ಮಾಡಿಸಿದ ಮೇಲೆ. ಹೊಸ ಚೈನಿನ ಸ್ಕ್ರೂಗಳಿಗೆ ಎಷ್ಟೋ ಕಂಪನಿಗಳು ಹಿಡಿತದ ಅಂಟು ಹಾಕಿರುತ್ತವೆ. ಅಂಗಡಿಯಲ್ಲಿ ಕೊಂಡಿ ತೆಗೆಯಲು ಸ್ಕ್ರೂ ಬಿಚ್ಚಿದಾಗ ಆ ಅಂಟು ಒಡೆದುಹೋಗುತ್ತದೆ. ಮತ್ತೆ ಅಂಟು ಹಾಕದೆ ಸುಮ್ನೆ ತಿರುಗಿಸಿ ಕೊಟ್ಟರೆ, ಕೈ ಆಡಿದಂತೆಲ್ಲಾ ಕೊಂಡಿ ಮಡಚಿ ಸ್ಕ್ರೂ ನಿಧಾನವಾಗಿ ಹಿಂದಕ್ಕೆ ತಿರುಗುತ್ತದೆ. ಹಾಗಾಗಿ ಬಿಗಿ ಮಾಡುವುದೊಂದೇ ಪರಿಹಾರ ಅಲ್ಲ. ಇವತ್ತು ಬಿಗಿ ಮಾಡಿದ್ದು ಕೆಲವು ವಾರಕ್ಕೆ ಮತ್ತೆ ಸಡಿಲವಾಗುತ್ತದೆ. ಸ್ಕ್ರೂವಿನ ಥ್ರೆಡ್ (ಮೈಮೇಲಿನ ಸುರುಳಿ ಗೆರೆ) ಸ್ವಚ್ಛ ಮಾಡಿ, ಅಂಟು ಹಾಕಿ ಕೂರಿಸಬೇಕು.

ಮೊದಲು ಅದು ನಿಜಕ್ಕೂ ಸ್ಕ್ರೂವೇ ಎಂದು ನೋಡಿ. ಚೈನಿನ ಪಕ್ಕದಲ್ಲಿ ಕಾಣುವ ಗೀರು ಕೆಲವೊಮ್ಮೆ ಸೀಳಿದ ಪಿನ್ನಿನ ತುದಿಯಾಗಿರುತ್ತದೆ. ಒಳಬದಿಯಲ್ಲಿ ಬಾಣದ ಗುರುತಿದ್ದರೆ ಅದು ಪಿನ್. ಬಾಣ ತೋರಿಸುವ ಕಡೆಗೆ ತಳ್ಳಿ ತೆಗೆಯಬೇಕು, ತಿರುಗಿಸಿದರೆ ಏನೂ ಆಗುವುದಿಲ್ಲ. ಇನ್ನು ಎರಡೂ ಕಡೆ ಸ್ಕ್ರೂ ತಲೆ ಇರುವ ಚೈನಿಗೆ ಎರಡು ಸ್ಕ್ರೂಡ್ರೈವರ್ ಬೇಕು. ಒಂದರಲ್ಲಿ ಒಂದು ಕಡೆ ಹಿಡಿದುಕೊಂಡು ಇನ್ನೊಂದರಲ್ಲಿ ತಿರುಗಿಸಬೇಕು.

ಸ್ಕ್ರೂಡ್ರೈವರ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ವಾಚಿನ ಚೈನಿಗೆ ಸಾಮಾನ್ಯವಾಗಿ 1.2, 1.4 ಅಥವಾ 1.6 ಮಿ.ಮೀ. ಅಗಲದ ತುದಿ ಬೇಕಾಗುತ್ತದೆ. ಅಗಲ ಹೊಂದಿದರೆ ಸಾಲದು, ತುದಿಯ ದಪ್ಪವೂ ಗೀರಿನ ತಳದವರೆಗೆ ಇಳಿಯುವಷ್ಟಿರಬೇಕು. ಇಳಿಯದಿದ್ದರೆ ಜಾರಿ, ತಲೆಯ ಅಂಚು ಎದ್ದು ಪುಡಿಯಾಗುತ್ತದೆ. ಒಮ್ಮೆ ಹಾಗಾದ ಸ್ಕ್ರೂವನ್ನು ಮುಂದೆ ಬಿಚ್ಚುವುದೇ ಕಷ್ಟ. ಕೆಲಸ ಶುರು ಮಾಡುವ ಮುಂಚೆ ಸ್ಕ್ರೂ ತಲೆಯನ್ನು ಬಿಟ್ಟು ಅದರ ಸುತ್ತ ಸೆಲೋ ಟೇಪ್ ಅಂಟಿಸಿ. ತುದಿ ಜಾರಿದರೂ ಹೊಳಪಿನ ಸ್ಟೀಲಿಗೆ ಗೆರೆ ಬೀಳುವುದಿಲ್ಲ.

ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಕೆಲಸ ಮಾಡಿ. ಸ್ಟೇನ್‌ಲೆಸ್ ಸ್ಕ್ರೂಗಳು ಸಾಮಾನ್ಯವಾಗಿ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ. ನೆಲಕ್ಕೆ ಬಿದ್ದರೆ ಹುಡುಕುವುದು ಬಲು ಕಷ್ಟ.

ಈಗ ಸ್ಕ್ರೂವನ್ನು ಪೂರ್ತಿ ಹೊರಗೆ ತೆಗೆಯಿರಿ. ಥ್ರೆಡ್ ಮೇಲೆ ಬೆವರು, ಸೋಪು, ಧೂಳು ಸೇರಿದ ಕಪ್ಪು ಕೊಳೆ ಕಾಣುತ್ತದೆ. ಹಳೆಯ ಅಂಟಿನ ಪುಡಿಯೂ ಇರಬಹುದು. ಮೃದುವಾದ ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಮೊಬೈಲ್ ರಿಪೇರಿಯವರು ಬೋರ್ಡ್ ತೊಳೆಯಲು ಬಳಸುವುದು ಇದನ್ನೇ, ಐಪಿಎ ಎಂದು ಕೇಳಿದರೆ ಸಾಕು. ಸ್ಕ್ರೂ ಕೂರುವ ತೂತನ್ನೂ ಟೂತ್‌ಪಿಕ್‌ಗೆ ಹತ್ತಿ ಸುತ್ತಿ ಒರೆಸಿ, ಚೆನ್ನಾಗಿ ಒಣಗಲು ಬಿಡಿ. ಎಣ್ಣೆಯ ಪಸೆ ಉಳಿದರೆ ಅಂಟು ಸರಿಯಾಗಿ ಹಿಡಿಯುವುದಿಲ್ಲ.

ನೇಲ್ ಪಾಲಿಶ್ ರಿಮೂವರ್ ಬಳಸುವ ಆಸೆ ಬರಬಹುದು. ಅದರಲ್ಲಿ ಸಾಮಾನ್ಯವಾಗಿ ಅಸಿಟೋನ್ ಇರುತ್ತದೆ, ಪ್ಲಾಸ್ಟಿಕ್ ಗ್ಲಾಸಿಗೆ ತಾಗಿದರೆ ಗ್ಲಾಸು ಮಂಕಾಗುತ್ತದೆ. ಈ ಮಾತು ನಮ್ಮೂರಿನವರಿಗೆ ಮುಖ್ಯ. ತುಮಕೂರಿನಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಇತ್ತು. ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತಾದರೂ ಆ ವಾಚುಗಳನ್ನು ಜೋಪಾನ ಮಾಡಿದ ಮನೆಗಳು ಇಲ್ಲಿ ಇನ್ನೂ ಇವೆ. ಹಳೆಯ ಎಚ್‌ಎಂಟಿಗಳಲ್ಲಿ ಹೆಚ್ಚಿನವುಗಳ ಗ್ಲಾಸು ಅಕ್ರಿಲಿಕ್ ಎನ್ನುವ ಪ್ಲಾಸ್ಟಿಕ್. ಅಂಥ ವಾಚಾದರೆ ಚೈನನ್ನು ಬಿಡಿಸಿಕೊಂಡು ಬೇರೆಯಾಗಿಯೇ ಕೆಲಸ ಮಾಡಿ, ವಾಚನ್ನು ನೀರಿನಲ್ಲಿ ಅದ್ದಲೂಬೇಡಿ.

ಇನ್ನು ಅಂಟು. ಬೈಕ್ ಮೆಕ್ಯಾನಿಕ್‌ಗಳು ಲಾಕ್‌ಟೈಟ್ ಎನ್ನುವ ಥ್ರೆಡ್‌ಲಾಕರ್ ಇದಕ್ಕೆ ಸರಿ. ನೇರಳೆ ಬಣ್ಣದ 222 ಕಡಿಮೆ ಹಿಡಿತದ್ದು, ಸಣ್ಣ ಸ್ಕ್ರೂಗಳಿಗೆಂದೇ ಇರುವುದು. ಅದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ನೀಲಿ 242 ಅಥವಾ 243 ಕೂಡ ಆಗುತ್ತದೆ, ಆದರೆ ತೀರಾ ಕಡಿಮೆ ಹಾಕಬೇಕು. ಕೆಂಪು ಬಣ್ಣದ್ದು ಮಾತ್ರ ಬೇಡವೇ ಬೇಡ. ಚೆನ್ನಾಗಿ ಕಾಯಿಸದೆ ಅದು ಬಿಡುವುದಿಲ್ಲ, ಇಷ್ಟು ಸಣ್ಣ ಸ್ಕ್ರೂ ಬಿಚ್ಚುವಾಗ ತಲೆಯೇ ಮುರಿಯಬಹುದು. ಫೆವಿಕ್ವಿಕ್ ಥರದ ಅಂಟೂ ಬೇಡ. ಅದು ತೆಳ್ಳಗೆ ಹರಿದು ಕೊಂಡಿಯ ಸಂದಿಗೆ ಇಳಿಯುತ್ತದೆ, ಕೊಂಡಿ ಮಡಚದಂತಾಗುತ್ತದೆ, ಸುತ್ತ ಬಿಳಿ ಮಬ್ಬು ಬೇರೆ.

ಸಾಸಿವೆ ಕಾಳಿನ ಅರ್ಧಕ್ಕಿಂತ ಕಡಿಮೆ ಸಾಕು. ಬಾಟಲಿಯಿಂದ ನೇರವಾಗಿ ಹಾಕಬೇಡಿ. ಟೂತ್‌ಪಿಕ್ ತುದಿಯಲ್ಲಿ ತೆಗೆದುಕೊಂಡು ಸ್ಕ್ರೂವಿನ ಥ್ರೆಡ್ ಇರುವ ತುದಿಗೆ ಮಾತ್ರ ಮುಟ್ಟಿಸಿ. ಮಧ್ಯದ ನುಣುಪಾದ ಭಾಗದ ಸುತ್ತಲೇ ಕೊಂಡಿ ತಿರುಗುವುದು, ಅಲ್ಲಿಗೆ ಅಂಟು ಹೋಗಬಾರದು. ಸ್ಕ್ರೂವನ್ನು ಮೊದಲು ಬೆರಳಲ್ಲೇ ನೇರವಾಗಿ ಕೂರಿಸಿ, ಆಮೇಲೆ ಸ್ಕ್ರೂಡ್ರೈವರ್‌ನಿಂದ ತಿರುಗಿಸಿ. ನಿಂತ ತಕ್ಷಣ ಬಿಡಿ, ಬಲ ಹಾಕಬೇಡಿ. ಹೊರಗೆ ಬಂದ ಅಂಟನ್ನು ಕೂಡಲೇ ಒರೆಸಿ, ಕೊಂಡಿಯನ್ನು ನಾಲ್ಕಾರು ಸಲ ಮಡಚಿ ಬಿಡಿಸಿ ನೋಡಿ.

ಈ ಅಂಟು ಗಾಳಿ ತಾಗುವ ಕಡೆ ಗಟ್ಟಿಯಾಗುವುದಿಲ್ಲ. ಗಾಳಿಯಿಲ್ಲದ ಲೋಹದ ಸಂದಿಯಲ್ಲಿ ಮಾತ್ರ ಗಟ್ಟಿಯಾಗುತ್ತದೆ. ಬಾಟಲಿಯನ್ನು ಪೂರ್ತಿ ತುಂಬದೆ ಗಾಳಿಗೆ ಜಾಗ ಬಿಡುವುದೂ ಅದಕ್ಕೇ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಗಟ್ಟಿಯಾಗಲು ಸ್ವಲ್ಪ ಹೆಚ್ಚು ಹೊತ್ತು ಬೇಕು. 24 ಗಂಟೆ ವಾಚು ಕಟ್ಟಬೇಡಿ, ನೀರು ತಾಗಿಸಬೇಡಿ.

ಸ್ಕ್ರೂ ಹಿಡಿತ ಸಿಗದೆ ಸುತ್ತುತ್ತಲೇ ಇದ್ದರೆ ಥ್ರೆಡ್ ಸವೆದಿದೆ ಎಂದರ್ಥ, ಅಂಟಿನಿಂದ ಅದು ಸರಿಹೋಗದು. ಪಕ್ಕದ ಕೊಂಡಿಯ ಒಂದು ಸ್ಕ್ರೂವನ್ನು ಅಳತೆಗೆಂದು ಬಿಚ್ಚಿ ವಾಚ್ ರಿಪೇರಿಯವರ ಹತ್ತಿರ ಒಯ್ದು, ಅದೇ ಉದ್ದ, ಅದೇ ದಪ್ಪದ್ದನ್ನು ಕೇಳಿ. ಅಂದಾಜಿನಲ್ಲಿ ಹಾಕಿಸಬೇಡಿ.

ಮುಂದೆ ಕೊಂಡಿ ತೆಗೆಯಬೇಕಾದಾಗ 222 ಹಾಕಿದ ಸ್ಕ್ರೂ ಸರಿಯಾದ ಸ್ಕ್ರೂಡ್ರೈವರ್‌ಗೆ ಹಾಗೇ ಬಿಡುತ್ತದೆ. ನೀಲಿ ಹಾಕಿದ್ದು ಹಟ ಹಿಡಿದರೆ, ವಾಚಿನಿಂದ ಬಿಡಿಸಿದ ಚೈನಿನ ಸ್ಕ್ರೂ ತಲೆಗೆ ಬಿಸಿ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಸ್ವಲ್ಪ ಹೊತ್ತು ಮುಟ್ಟಿಸಿ, ಅಂಟು ಮೆತ್ತಗಾದಾಗ ಎಡಕ್ಕೆ ತಿರುಗಿಸಿ. ಮತ್ತೆ ಹಾಕುವಾಗ ಹಳೆ ಅಂಟು ಕೆರೆದು, ಹೊಸದಾಗಿ ಅಷ್ಟೇ ಚೂರು ಅಂಟು ಹಾಕಿ.