ಮರ ಕೊಯ್ಸುವ ಮೊದಲು ಕೂತು ನೋಡಿ

ಅಮ್ಮನಿಗೆ ಮಂಡಿನೋವು. ಒಂದು ಕೈಯಲ್ಲಿ ಗೋಡೆ ಹಿಡಿದು, ಒಂಟಿ ಕಾಲಲ್ಲಿ ನಿಂತು ಚಪ್ಪಲಿಯ ಪಟ್ಟಿ ಎಳೆದುಕೊಳ್ಳುತ್ತಿದ್ದುದನ್ನು ಕಂಡ ದಿನವೇ ಬಾಗಿಲ ಬಳಿ ಒಂದು ಬೆಂಚು ಬೇಕು ಅನ್ನಿಸಿತು. ಅಂಗಡಿಗಳಲ್ಲಿ ನೋಡಿದವು ಒಂದೋ ತೀರಾ ತಗ್ಗು, ಇಲ್ಲವೇ ಓಡಾಡಲು ಜಾಗ ಬಿಡದಷ್ಟು ಅಗಲ. ಕೊನೆಗೆ ನಾನೇ ನಕ್ಷೆ ಬರೆದು, ನಮ್ಮ ಬೀದಿಯ ಆಚಾರ್ರ ಜೊತೆ ಕೂತು ಮಾಡಿದೆ. ಪೀಠೋಪಕರಣ ವಿನ್ಯಾಸ ಕಲಿಯುವವರಿಗೆ ಬೆಂಚು ಒಳ್ಳೆಯ ಮೊದಲ ಪಾಠ. ಡ್ರಾಯರ್, ಕದ, ಬಿಜಾಗರಿಗಳ ರಗಳೆ ಇಲ್ಲ. ಕಾಲು, ಅಡ್ಡಪಟ್ಟಿ, ಹಲಗೆ, ಜೋಡಣೆ ಎಲ್ಲವೂ ಇದೆ. ಹಾಗಾಗಿ ಆ ಒಂದೇ ಬೆಂಚನ್ನು ಹಿಡಿದು ಹೇಳುತ್ತೇನೆ.

ಮೊದಲು ಒಂದು ವಾಕ್ಯ

ಚಿತ್ರ ಬರೆಯಲು ಕೂರಬೇಡಿ. ಯಾರಿಗೆ, ಎಲ್ಲಿ, ಯಾತಕ್ಕೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆದಿಡಿ. ನನ್ನದು ಹೀಗಿತ್ತು: ‘ಮಂಡಿನೋವಿರುವವರು ಕೂತು ಚಪ್ಪಲಿ ಹಾಕಿಕೊಂಡು, ಕೈಯೂರಿ ಎದ್ದು ಹೊರಡಬೇಕು, ಕೆಳಗೆ ನಾಲ್ಕು ಜೊತೆ ಚಪ್ಪಲಿ ಇರಬೇಕು.’ ಮುಂದೆ ಯಾವ ಗೊಂದಲ ಬಂದರೂ ಈ ವಾಕ್ಯವೇ ತೀರ್ಮಾನ ಕೊಟ್ಟಿತು. ಬೆನ್ನಿಗೆ ಒರಗು ಬೇಕೇ? ಎರಡು ನಿಮಿಷ ಕೂರುವವರಿಗೆ ಬೇಡ. ಕೈಯೂರಲು ಆಸರೆ? ಅದು ಬೇಕೇ ಬೇಕು.

ಆಮೇಲೆ ಜಾಗದ ಅಳತೆ. ಬಾಗಿಲಿನ ಚೌಕಟ್ಟಿನಿಂದ ಸ್ವಿಚ್‌ಬೋರ್ಡ್ ತನಕ 44 ಅಂಗುಲ ಗೋಡೆ. ಬಾಗಿಲು ಪೂರ್ತಿ ತೆರೆದಾಗ ಗೋಡೆಗೆ ಒತ್ತಿ ಉಳಿಯುವುದು 16 ಅಂಗುಲ. ಅಲ್ಲಿಗೆ ಬೆಂಚಿನ ಉದ್ದ 36, ಅಗಲ 14 ಅಂಗುಲ ಎಂದು ಗೋಡೆಯೇ ಹೇಳಿತು.

ಎತ್ತರ: ಇಲ್ಲಿ ಅವಸರ ಬೇಡ

ಸಾಮಾನ್ಯ ಕುರ್ಚಿಯ ಆಸನ ನೆಲದಿಂದ 16ರಿಂದ 18 ಅಂಗುಲ ಇರುತ್ತದೆ. ಮೇಜು 28ರಿಂದ 30. ಇವು ಸರಾಸರಿ ದೇಹಕ್ಕೆ ಹೊಂದುವ ಲೆಕ್ಕಗಳು. ನಿಮ್ಮ ಮನೆಯಲ್ಲಿ ಕೂರುವುದು ಸರಾಸರಿಯಲ್ಲ, ಒಬ್ಬ ಮನುಷ್ಯ. ಪಾದ ನೆಲಕ್ಕೆ ಊರಿ ಕೂತಾಗ ಮಂಡಿಯ ಹಿಂಬದಿಯ ಮಡಿಕೆಯಿಂದ ನೆಲಕ್ಕೆ ಎಷ್ಟು ಎಂದು ಅಳೆಯಿರಿ. ಅಮ್ಮನದು ಹದಿನೈದೂವರೆ ಅಂಗುಲ. ಪುಸ್ತಕದ ಪ್ರಕಾರ ಆಸನವೂ ಅಷ್ಟೇ ಇದ್ದರೆ ಸಾಕು. ಆದರೆ ತಗ್ಗಿನ ಆಸನದಿಂದ ಏಳುವಾಗ ಮಂಡಿ ಹೆಚ್ಚು ಮಡಚಿ, ಹೆಚ್ಚು ಭಾರ ಹೊರಬೇಕು.

ಹಾಗಾಗಿ ಇಟ್ಟಿಗೆಗಳ ಮೇಲೆ ಹಳೆಯ ಹಲಗೆಯೊಂದನ್ನಿಟ್ಟು, ಅದರ ಮೇಲೆ ಹಳೆ ಪತ್ರಿಕೆಗಳ ಕಟ್ಟು ಪೇರಿಸಿ ಅಮ್ಮನನ್ನು ಕೂರಿಸಿದೆ. 16 ಅಂಗುಲದಲ್ಲಿ ಎರಡೂ ಕೈ ಮಂಡಿಗೆ ಊರಿ ‘ಅಯ್ಯಪ್ಪಾ’ ಎನ್ನುತ್ತ ಎದ್ದರು. ಇನ್ನಷ್ಟು ಪತ್ರಿಕೆ ಸೇರಿಸಿ 18 ಮಾಡಿದಾಗ ಸಲೀಸಾಗಿ ಎದ್ದರು. ಹತ್ತೊಂಬತ್ತೂವರೆಗೆ ಏರಿಸಿದೆ, ಏಳುವುದು ಇನ್ನೂ ಸುಲಭವಾಯಿತು, ಆದರೆ ಚಪ್ಪಲಿಗೆ ಬಗ್ಗುವಾಗ ಹಿಮ್ಮಡಿ ನೆಲ ಬಿಟ್ಟು, ಮೈ ಮುಂದಕ್ಕೆ ಜಾರಿತು. ಎತ್ತರ 18 ಎಂದು ನಿಕ್ಕಿಯಾಯಿತು. ಕೈಯೂರುವ ಪಟ್ಟಿ ಆಸನದಿಂದ 9 ಅಂಗುಲ ಮೇಲೆ, ಬಲಗಡೆ ಮಾತ್ರ. ಖರ್ಚಿಲ್ಲದ ಈ ಅರ್ಧ ಗಂಟೆಯ ಕೆಲಸವೇ ಇಡೀ ವಿನ್ಯಾಸದ ಜೀವ ಎಂದು ನಾನು ನಂಬಿದ್ದೇನೆ.

ನಕ್ಷೆ

ಮನಸ್ಸಿಗೆ ಬಂದ ಹತ್ತಾರು ಆಕಾರಗಳನ್ನು ಪೆನ್ಸಿಲ್ಲಿನಲ್ಲಿ ಗೀಚಿ. ಇದ್ದದ್ದನ್ನು ನೋಡಿಯೂ ಕಲಿಯಬೇಕು. 1950ರ ದಶಕದಲ್ಲಿ ಚಂಡೀಗಢದ ಕಚೇರಿಗಳಿಗಾಗಿ ವಾಸ್ತುಶಿಲ್ಪಿ ಪಿಯರೆ ಜಾನೆರೆ ತಂಡ ರೂಪಿಸಿದ ತೇಗ ಮತ್ತು ಬೆತ್ತದ ಕುರ್ಚಿಗಳ ಚಿತ್ರಗಳನ್ನು ಗಮನಿಸಿ: ತಲೆಕೆಳಗು ಮಾಡಿದ ಇಂಗ್ಲಿಷಿನ ‘ವಿ’ ಅಕ್ಷರದಂಥ ಕಾಲುಗಳೇ ಕೈಯಾಸರೆಯನ್ನೂ ಹೊರುತ್ತವೆ. ನಮ್ಮ ಬೆಂಚಿನ ಬಲಗಡೆಯ ಎರಡು ಕಾಲುಗಳನ್ನೇ ಮೇಲಕ್ಕೆ ಬೆಳೆಸಿ ಕೈಪಟ್ಟಿ ಕೂರಿಸುವ ಯೋಚನೆ ನನಗೆ ಹೊಳೆದದ್ದು ಅವುಗಳನ್ನು ನೋಡಿದಾಗ.

ಒಂದು ಆಕಾರ ಒಪ್ಪಿಗೆಯಾದ ಮೇಲೆ ಗ್ರಾಫ್ ಹಾಳೆಯಲ್ಲಿ ಹತ್ತಕ್ಕೆ ಒಂದರ ಅಳತೆಯಲ್ಲಿ ಮುಂದಿನಿಂದ, ಪಕ್ಕದಿಂದ, ಮೇಲಿನಿಂದ ಕಾಣುವ ಮೂರು ನೋಟ ಬರೆಯಿರಿ. ಆಮೇಲೆ ಪಕ್ಕದ ನೋಟವೊಂದನ್ನಾದರೂ ದೊಡ್ಡ ಹಾಳೆಯಲ್ಲಿ ನಿಜ ಗಾತ್ರದಲ್ಲಿ ಬರೆದು ಗೋಡೆಗೆ ಅಂಟಿಸಿ. ಸಣ್ಣ ನಕ್ಷೆಯಲ್ಲಿ ನಾಜೂಕಾಗಿ ಕಂಡ ಒಂದೂವರೆ ಅಂಗುಲದ ಕಾಲು ಗೋಡೆಯ ಮೇಲೆ ಕಡ್ಡಿಯಂತೆ ಕಂಡಿತು. ಎರಡು ಅಂಗುಲ ಮಾಡಿದೆ.

ಮರ

ಬಾಳಿಕೆಗೆ ತೇಗಕ್ಕೆ ಸಾಟಿಯಿಲ್ಲ, ಬೆಲೆಯಲ್ಲೂ ಹಾಗೆಯೇ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ನೆರಳಿನ ಮರವಾದ ಸಿಲ್ವರ್ ಓಕ್ ಅಗ್ಗಕ್ಕೆ ಸಿಗುತ್ತದೆ. ಮೂಲದಲ್ಲಿ ಅದು ಆಸ್ಟ್ರೇಲಿಯಾದ್ದು. ನಾನು ಹಲಸು ಆರಿಸಿದೆ. ತಂಜಾವೂರಿನ ವೀಣೆಯ ಕೊಡ ಕೊರೆಯುವುದೂ ಹಲಸಿನಲ್ಲೇ. ಕೊಯ್ದಾಗ ಹಳದಿ, ವರುಷಗಳು ಕಳೆದಂತೆ ಕಂದು ಬಣ್ಣಕ್ಕೆ ತಿರುಗುವ ಅದರ ಗುಣ ನನಗಿಷ್ಟ. ಹಲಗೆ ಆರಿಸುವಾಗ ಅಂಚಿನ ಬಿಳಿ ಭಾಗ ಬಿಡಿಸಿ, ನಡುವಿನ ಗಟ್ಟಿ ಭಾಗವಾದ ಚೇಗು ಮಾತ್ರ ಕೇಳಿ. ಬಿಳಿಗೆ ಹುಳ ಬೇಗ ಬೀಳುತ್ತದೆ. ಬೆಂಗಳೂರಿನಲ್ಲಿರುವವರಿಗೆ ಮಲ್ಲೇಶ್ವರದ 18ನೇ ಕ್ರಾಸ್‌ನಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. ಮರದ ಬಗ್ಗೆ ಆಳವಾಗಿ ತಿಳಿಯಬೇಕೆನ್ನುವವರು ಕೇಳಬೇಕಾದ ಜಾಗ ಅದು.

ಎಷ್ಟು ಮರ ಬೇಕು? ಪ್ರತಿ ತುಂಡಿನ ಉದ್ದ, ಅಗಲ, ದಪ್ಪವನ್ನು ಅಂಗುಲದಲ್ಲಿ ಗುಣಿಸಿ, ಎಲ್ಲ ಕೂಡಿಸಿ 1,728ರಿಂದ ಭಾಗಿಸಿದರೆ ಘನ ಅಡಿ ಬರುತ್ತದೆ. ಒಂದೂಕಾಲು ಅಂಗುಲ ದಪ್ಪದ ಆಸನವೊಂದೇ 630 ಘನ ಅಂಗುಲ. ಚಪ್ಪಲಿ ಇಡುವ ಪಟ್ಟಿಗಳೂ ಸೇರಿ ಬೆಂಚಿಗೆ ಸುಮಾರು 0.85 ಘನ ಅಡಿ ಬಂತು. ಗರಗಸ, ಹತ್ತರಿ, ಗಂಟುಗಳಿಗೆ ಹೋಗುವುದನ್ನು ಎಣಿಸಿ ಒಂದೂಕಾಲು ಘನ ಅಡಿ ತಂದೆ.

ಒಣಗಿದ ಮರವೇ ಬೇಕು. ಗಾಳಿಯಲ್ಲಿ ಒಣಗಿಸುವುದಾದರೆ ಒಂದಂಗುಲ ದಪ್ಪಕ್ಕೆ ಒಂದು ವರ್ಷ ಎಂಬುದು ಹಳಬರ ಲೆಕ್ಕ. ಮನೆಯೊಳಗಿನ ಸಾಮಾನಿಗೆ ತೇವಾಂಶ ಶೇ 8ರಿಂದ 12ರೊಳಗೆ ಇದ್ದರೆ ಒಳ್ಳೆಯದು.

ಮರ ಉಸಿರಾಡುತ್ತದೆ

ಹಲಗೆ ಉದ್ದಕ್ಕೆ ಹಿಗ್ಗುವುದು ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಅಗಲಕ್ಕೆ ಮಾತ್ರ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ. 14 ಅಂಗುಲದ ಹಲಗೆ ಎರಡು–ಮೂರು ಮಿಲಿಮೀಟರ್ ಆಡುವುದು ಸಾಮಾನ್ಯ. ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಹಿಂದೊಮ್ಮೆ ಆಷಾಢದ ಮಳೆಯಲ್ಲಿ ಮಾಡಿದ ಮೇಜಿನ ಹಲಗೆಯನ್ನು ಚೌಕಟ್ಟಿಗೆ ನಾಲ್ಕೂ ಕಡೆ ಸ್ಕ್ರೂ ಹೊಡೆದು ಬಿಗಿದಿದ್ದೆ. ಶಿವರಾತ್ರಿ ಕಳೆದು ಬಿಸಿಲೇರಿದ ಮೇಲೆ ಒಂದು ರಾತ್ರಿ ‘ಠಪ್’ ಎಂಬ ಸದ್ದು. ಬೆಳಿಗ್ಗೆ ನೋಡಿದರೆ ಹಲಗೆಯ ನಡುವೆ ಬೆರಳುಗುರು ತೂರುವಷ್ಟು ಬಿರುಕು. ಈ ಸಲ ಅಡ್ಡಪಟ್ಟಿಯ ತೂತುಗಳನ್ನು ಹಲಗೆಯ ಅಗಲದ ದಿಕ್ಕಿಗೆ ಉದ್ದವಾಗಿ ಕೊರೆದೆ. ಸ್ಕ್ರೂ ಹಲಗೆಯನ್ನು ಹಿಡಿದಿರುತ್ತದೆ, ಸರಿದಾಡಲು ಜಾಗವನ್ನೂ ಬಿಡುತ್ತದೆ.

ಜೋಡಣೆ

ಕಾಲಿಗೂ ಅಡ್ಡಪಟ್ಟಿಗೂ ಮಾರ್ಟಿಸ್–ಟೆನನ್ ಜೋಡಣೆ: ಕಾಲಿನಲ್ಲಿ ಚೌಕದ ಕುಳಿ, ಪಟ್ಟಿಯ ತುದಿಯಲ್ಲಿ ಅದರೊಳಗೆ ಕೂರುವ ನಾಲಿಗೆ. ನಾಲಿಗೆಯ ದಪ್ಪ ಪಟ್ಟಿಯ ಮೂರನೇ ಒಂದು ಪಾಲು. ಒಂದಂಗುಲದ ಪಟ್ಟಿಗೆ ಸುಮಾರು 8 ಮಿಲಿಮೀಟರ್. ಮೊದಲು ಕುಳಿ ಉಳಿಯಲ್ಲಿ ಹೊಡೆದು, ಆಮೇಲೆ ಅದಕ್ಕೆ ಹೊಂದುವಂತೆ ನಾಲಿಗೆ ಕೊಯ್ಯಿರಿ. ನಾಲಿಗೆಯನ್ನು ಒಂದು ಕೂದಲಿನಷ್ಟು ಸವರುವುದು ಸುಲಭ, ಕುಳಿಯನ್ನು ಸರಿಪಡಿಸುವುದು ಕಷ್ಟ. ಕೈಯಿಂದ ಒತ್ತಿದರೆ ಅರ್ಧ ಹೋಗಿ, ಉಳಿದದ್ದು ಕೊಡತಿಯ ಎರಡು ಮೆಲುಪೆಟ್ಟಿಗೆ ಕೂರಬೇಕು. ನಮ್ಮ ಆಚಾರ್ರು ಕಿವಿಗೊಟ್ಟು ಆ ಸದ್ದನ್ನೇ ಕೇಳುತ್ತಾರೆ. ಟೊಳ್ಳು ಸದ್ದು ಬಂದರೆ ತುದಿ ತಳ ಮುಟ್ಟಿಲ್ಲ ಎಂದು ಬಿಚ್ಚಿ ನೋಡುತ್ತಾರೆ.

ಅಂಟಿಲ್ಲದೆ ಒಮ್ಮೆ ಪೂರ್ತಿ ಜೋಡಿಸಿ ನೋಡಿ. ಎದುರುಬದುರು ಮೂಲೆಗಳ ಓರೆ ಅಳತೆ ಎರಡೂ ಒಂದೇ ಇದ್ದರೆ ಚೌಕಟ್ಟು ನೆಟ್ಟಗಿದೆ. ಆಮೇಲಷ್ಟೇ ಫೆವಿಕಾಲ್, ಕ್ಲಾಂಪು, ಒಂದು ರಾತ್ರಿಯ ವಿಶ್ರಾಂತಿ.

ಮೇಲ್ಮೈ

ಉಪ್ಪುಕಾಗದವನ್ನು 120, 180, 240ರ ಕ್ರಮದಲ್ಲಿ, ಎಳೆಯ ದಿಕ್ಕಿಗೇ ಉಜ್ಜಿ. ಅರಗಿನ ಫ್ರೆಂಚ್ ಪಾಲಿಶ್ ಚೆಂದ, ಆದರೆ ನೀರು ಬಿದ್ದರೆ ಬಿಳಿ ಕಲೆ ಕಟ್ಟುತ್ತದೆ. ನೆನೆದ ಛತ್ರಿ ಬರುವ ಜಾಗವಾದ್ದರಿಂದ ಆಸನಕ್ಕೆ ಪಾಲಿಯುರಿಥೇನ್ ವಾರ್ನಿಷ್, ಕೈ ತಾಗುವ ಪಟ್ಟಿಗೆ ಮಾತ್ರ ಅಗಸೆ ಎಣ್ಣೆ ಸವರಿದೆ. ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಲೇಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರವಿ ಒಣಗಿಸಿ.

ಬೆಂಚು ಬಾಗಿಲ ಬಳಿ ಬಂದ ಮೂರನೇ ದಿನ ಅಮ್ಮ ಕೈಪಟ್ಟಿ ಊರಿ ಎದ್ದು, ‘ಛತ್ರಿ ಎಲ್ಲಿಡಲಿ?’ ಎಂದರು. ನನ್ನ ವಾಕ್ಯದಲ್ಲಿ ಛತ್ರಿ ಇರಲಿಲ್ಲ. ಬೆಂಚಿನ ಬಲಗಾಲಿನ ಹೊರಮೈಗೆ ಬೈರಿಗೆಯಲ್ಲಿ ತೂತು ಕೊರೆದು ಮರದ ಗೂಟವೊಂದನ್ನು ಬಡಿದೆ. ಗೋಡೆಯ ಮೇಲೆ ಇನ್ನೂ ಅಂಟಿಕೊಂಡಿದ್ದ ನಕ್ಷೆಯಲ್ಲೂ ಅದೇ ಜಾಗದಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿದೆ.