ಪಗೋಡಾಗೆ ಮ್ಯಾಗ್ನೆಟ್, ಆರ್129ಕ್ಕೆ ಟಾರ್ಚ್
ಸಂಗ್ರಹಕ್ಕೆಂದು ಮರ್ಸಿಡೀಸ್‌ನ ತೆರೆದ ಸ್ಪೋರ್ಟ್ಸ್ ಕಾರು ಎಸ್‌ಎಲ್ ಹುಡುಕುತ್ತಾ 1963–71ರ 'ಪಗೋಡಾ' ಮಾದರಿ ಕೊಳ್ಳಲೋ 1989–2001ರ ಆರ್129 ಮಾದರಿ ಕೊಳ್ಳಲೋ ಎಂದು ಯೋಚಿಸುತ್ತಿದ್ದರೆ, ಎರಡನ್ನೂ ಒಂದೇ ರೀತಿ ಪರೀಕ್ಷಿಸಬೇಡಿ: ಪಗೋಡಾದಲ್ಲಿ ಮೊದಲು ತಗಡು ನೋಡಿ, ಆರ್129ರಲ್ಲಿ ಮೊದಲು ವೈರಿಂಗ್. ಪಗೋಡಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಬಾಗಿಲ ಕೆಳಗಿನ ಸಿಲ್ ತುಕ್ಕು ತಿಂದರೆ ಕಾರಿನ ಬಲವೇ ಹೋಯಿತು. ತೆಳು ಬಟ್ಟೆ ಸುತ್ತಿದ ಮ್ಯಾಗ್ನೆಟ್ಟನ್ನು ಸಿಲ್, ಫೆಂಡರ್‌ಗಳ ಮೇಲೆ ಆಡಿಸಿ, ಹಿಡಿಯದ ಕಡೆ ತುಕ್ಕು ಮುಚ್ಚಲು ಮೆತ್ತಿದ ಪುಟ್ಟಿ ಇದೆ. ಬಾನೆಟ್, ಡಿಕ್ಕಿ ಮುಚ್ಚಳ, ಬಾಗಿಲ ಹೊರಹಾಳೆ, ಮಡಚಿದ ಬಟ್ಟೆ ಟಾಪ್ ಮುಚ್ಚುವ ಮುಚ್ಚಳ ಮಾತ್ರ ಅಲ್ಯೂಮಿನಿಯಂ, ಅಲ್ಲಿ ಹಿಡಿಯಬಾರದು. ಹಿಡಿದರೆ ಯಾರೋ ಉಕ್ಕಿನ ಹಾಳೆ ಹಾಕಿದ್ದಾರೆ. ತುಕ್ಕಿನ ಮೇಲೆಯೇ ತಗಡು ಬೆಸೆದಿದ್ದರೆ ಮ್ಯಾಗ್ನೆಟ್ಟಿಗೆ ಗೊತ್ತಾಗುವುದಿಲ್ಲ, ಲಿಫ್ಟ್ ಮೇಲೇರಿಸಿ ಕೆಳಗಿನಿಂದ ನೋಡಲೇಬೇಕು. ಆರ್129ರಲ್ಲಿ, ಮುಖ್ಯವಾಗಿ 1993–95ರ ಕಾರುಗಳಲ್ಲಿ, ಇಂಜಿನ್ ಹಾರ್ನೆಸ್‌ನ (ವೈರುಗಳ ಕಟ್ಟಿನ) ಒಳಗಿನ ವೈರುಗಳ ಹೊದಿಕೆ ಬಿಸಿಗೆ ಒಣಗಿ ಪುಡಿಯಾಗುತ್ತದೆ. ಶಾರ್ಟ್ ಆಗಿ ಮಿಸ್‌ಫೈರ್ ಬರುತ್ತದೆ, ಅಂದರೆ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುವುದಿಲ್ಲ; ಇಂಜಿನ್ ನಿಯಂತ್ರಿಸುವ ಕಂಟ್ರೋಲ್ ಯೂನಿಟ್ ಕೂಡ ಸುಡಬಹುದು. ಇಂಜಿನ್ ಆರಿಸಿ, ಕನೆಕ್ಟರ್ ಹತ್ತಿರ ಹೊರ ಕವಚ ಸ್ವಲ್ಪ ಸರಿಸಿ ಟಾರ್ಚ್ ಬಿಟ್ಟು ನೋಡಿ. ಬದಲಿಸಿದ್ದೇವೆ ಎಂದರೆ ಹಾರ್ನೆಸ್ ಲೇಬಲ್ ಮೇಲಿನ ತಯಾರಿಕೆ ದಿನಾಂಕ ಕೇಳಿ. ಬರೀ ಬಿಲ್ ಸಾಲದು.